ಮಹಿಳಾ ಅಧ್ಯಯನವೂ ‘ಆದ್ಯ’ವೆಂಬ ಶಬ್ದವೂ

ಎರಡು ವರ್ಷಗಳ ಕೆಳಗೆ, ಬೇಸಗೆಯ ಒಂದು ಸಂಜೆ, ನಮ್ಮ ಹಳೆಯ ಶಿಷ್ಯರೊಬ್ಬರು ಮನೆಗೆ ಬಂದರು. ಬಂದವರು ಕುಶಲಪ್ರಶ್ನೆ ಮುಗಿಯುವವರೆಗೂ ತಾಳದೆ, ಜೇಬಿನಿಂದ ಮಡಿಸಿದ ಕಾಗದವೊಂದನ್ನು ತೆಗೆದು ಮೇಜಿನ ಮೇಲೆ ಹರಡಿ, “ಮೇಷ್ಟ್ರೇ, ಇದನ್ನು ನೋಡಿ ನೀವೇ ಒಂದು ಮಾತು ಹೇಳಬೇಕು” ಎಂದರು. ಅದು ಎಂ.ಎ. ತರಗತಿಗೆ ಸೇರುವ ಅರ್ಜಿ. ಅವರ ಮಗಳು ಬಿ.ಎ. ಪರೀಕ್ಷೆಯಲ್ಲಿ ಒಳ್ಳೆಯ ಅಂಕಗಳನ್ನು ಪಡೆದು ತೇರ್ಗಡೆಯಾಗಿದ್ದಳು. ಇಂಗ್ಲಿಷನ್ನೋ ಅರ್ಥಶಾಸ್ತ್ರವನ್ನೋ ಮುಂದಕ್ಕೆ ಓದುವಳೆಂದು ಮನೆಯವರೆಲ್ಲ ಎಣಿಸಿಕೊಂಡಿರಲು, ಆಕೆ ಮಹಿಳಾ ಅಧ್ಯಯನವೆಂಬ ವಿಷಯವನ್ನು ಬರೆದು ಕುಳಿತಿದ್ದಳು. “ಹೆಂಗಸರ ವಿಷಯವನ್ನು ಕಾಲೇಜಿಗೆ ಹೋಗಿ ಓದಬೇಕೆ ಮೇಷ್ಟ್ರೇ? ನಮ್ಮ ತಾಯಿ ಯಾವ ಕಾಲೇಜಿನಲ್ಲಿ ಓದಿ ಎಂಟು ಜನರ ಸಂಸಾರ ನಡೆಸಿದರು? ಇದನ್ನು ಓದಿದವಳಿಗೆ ಕೆಲಸ ಕೊಡುವವರಾರು? ನೀವು ಹೇಳಿದರೆ ಅವಳು ಕೇಳುತ್ತಾಳೆ” ಎಂದು ಅವರು ಬೇಡಿಕೊಂಡರು.

ನಾವು ಆ ಮಾತನ್ನು ಹೇಳಲು ಸಿದ್ಧರಾಗಿಯೇ ಇದ್ದೆವು. ನಮ್ಮ ಮನಸ್ಸಿನಲ್ಲಿದ್ದುದೂ ಅವರ ಅಭಿಪ್ರಾಯವೇ. ಯಾವ ಶಾಸ್ತ್ರಕ್ಕಾದರೂ ವಿಷಯ, ಪ್ರಯೋಜನ, ಅಧಿಕಾರಿ, ಸಂಬಂಧ ಎಂಬ ನಾಲ್ಕು ಅನುಬಂಧಗಳು ಇರಬೇಕೆಂದು ನಮ್ಮ ಗುರುಗಳು ಕಲಿಸಿದ್ದರು. ಇದರಲ್ಲಿ ವಿಷಯವೇ ಕಾಣದು, ಪ್ರಯೋಜನದ ಮಾತು ದೂರ ಉಳಿಯಿತು ಎಂದು ನಮಗೆ ತೋರಿತು. ಆದರೆ ನೋಡದೆ ಖಂಡಿಸುವುದು ಪಾಠ ಹೇಳಿದವರ ಲಕ್ಷಣವಲ್ಲವಷ್ಟೆ. “ಹುಡುಗಿಯನ್ನು ಕಳುಹಿಸಿರಿ, ಪಠ್ಯಕ್ರಮವನ್ನೂ ಒಂದೆರಡು ಪುಸ್ತಕಗಳನ್ನೂ ತರಲಿ, ವಾರ ಬಿಟ್ಟು ಹೇಳುವೆವು” ಎಂದು ಅವರನ್ನು ಬೀಳ್ಕೊಟ್ಟೆವು. ಒಂದು ವಾರವೆಂದದ್ದು ಒಂದೂವರೆ ತಿಂಗಳಾಯಿತು.

ಪಠ್ಯಕ್ರಮದ ಮೊದಲ ಹಾಳೆಯಲ್ಲಿಯೇ ನಮಗೆ ಒಂದು ಶಬ್ದ ಎಡವಿತು. ‘ಲಿಂಗತ್ವ’ ಎಂದು ಅಚ್ಚಾಗಿದ್ದಿತು. ಹುಟ್ಟಿನಿಂದ ಬಂದ ಶರೀರಭೇದ ಒಂದು, ಆ ಭೇದದ ಮೇಲೆ ಲೋಕವು ಹೊರಿಸಿದ ನಡೆ, ನುಡಿ, ಉಡಿಗೆ, ಕೆಲಸ, ಸ್ಥಾನಗಳ ಕಟ್ಟಳೆ ಇನ್ನೊಂದು, ಈ ಎರಡನೆಯದೇ ಲಿಂಗತ್ವ ಎಂದು ಹುಡುಗಿ ವಿವರಿಸಿದಳು. ಇಂಗ್ಲೆಂಡಿನ ಆನ್ ಓಕ್ಲಿ ಎಂಬ ಸಮಾಜಶಾಸ್ತ್ರಜ್ಞೆ 1972ರಲ್ಲಿ ಬರೆದ ಗ್ರಂಥದಿಂದ ಈ ವಿಂಗಡಣೆ ಬಹಳ ಮಟ್ಟಿಗೆ ಪ್ರಚಾರಕ್ಕೆ ಬಂದಿತಂತೆ. ಕೇಳಿ ನಮಗೆ ಸ್ವಲ್ಪ ನಗು ಬಂದಿತು, ಬಳಿಕ ನಾಚಿಕೆಯೂ ಆಯಿತು. ಸಂಸ್ಕೃತ ಓದಿದವನಿಗೆ ಇದು ಹೊಸದೆನಿಸಬಾರದಾಗಿದ್ದಿತು. ಹೆಂಡತಿಯೆಂಬ ಒಂದೇ ಅರ್ಥಕ್ಕೆ ‘ಭಾರ್ಯಾ’ ಎಂದರೆ ಸ್ತ್ರೀಲಿಂಗ, ‘ಕಲತ್ರ’ ಎಂದರೆ ನಪುಂಸಕಲಿಂಗ, ‘ದಾರ’ ಎಂದರೆ ಪುಲ್ಲಿಂಗ, ಅದೂ ಒಬ್ಬಳೇ ಹೆಂಡತಿಯಿದ್ದರೂ ಸದಾ ಬಹುವಚನ. ಮೂವತ್ತು ವರ್ಷಗಳ ಕಾಲ ಈ ಉದಾಹರಣೆಯಿಂದ ಮಕ್ಕಳನ್ನು ನಗಿಸಿದ್ದೇವೆ. ಲಿಂಗವು ಲೋಕದ ಬಳಕೆಯನ್ನು ಆಶ್ರಯಿಸಿಕೊಂಡಿರುವುದರಿಂದ ಅದನ್ನು ವ್ಯಾಕರಣವು ವಿಧಿಸಬೇಕಾದುದಿಲ್ಲವೆಂಬ ಅಭಿಪ್ರಾಯವು ಪತಂಜಲಿಯ ಮಹಾಭಾಷ್ಯದಲ್ಲಿ ಬಂದಿದೆ. ಆ ವೈಯಾಕರಣನು ಶಬ್ದಗಳ ವಿಷಯವಾಗಿ ಹೇಳಿದುದನ್ನು ಇವರು ಮನುಷ್ಯರ ವಿಷಯವಾಗಿ ಕೇಳುತ್ತಿದ್ದಾರೆ, ಅಷ್ಟೆ. ಗಂಡಸರ ಮೇಲೆ ಹೊರಿಸಿದ ಕಟ್ಟಳೆಗಳೂ, ಅಮರಸಿಂಹನು ತೃತೀಯಾಪ್ರಕೃತಿಯೆಂದು ಹೆಸರಿಸಿ ಭಾರತದ ಸರ್ವೋಚ್ಚ ನ್ಯಾಯಾಲಯವು 2014ರಲ್ಲಿ ಮಾನ್ಯಮಾಡಿದ ಮೂರನೆಯ ವರ್ಗದವರ ಬಾಳೂ ಈ ಅಧ್ಯಯನದೊಳಗೇ ಸೇರುವುವು.

ಇನ್ನು ಈ ವ್ಯಾಸಂಗದ ವಂಶಾವಳಿ. ಅಮೆರಿಕದ ಕ್ಯಾಲಿಫೋರ್ನಿಯಾ ಸಂಸ್ಥಾನದ ಸ್ಯಾನ್ ಡಿಯೇಗೋ ಕಾಲೇಜಿನಲ್ಲಿ 1970ರಲ್ಲಿ ಇದಕ್ಕೆ ಪ್ರತ್ಯೇಕವಾದ ಪಾಠಕ್ರಮ ಏರ್ಪಟ್ಟಿತು. ಹಾಗೆಂದು ಇದು ಹಡಗು ಹತ್ತಿ ಬಂದ ಸರಕೆಂದು ತಿಳಿಯುವುದು ತಪ್ಪು. ನಮ್ಮ ದೇಶದಲ್ಲಿ ಇದು ಹುಟ್ಟಿದುದು ಒಂದು ಸರ್ಕಾರೀ ವರದಿಯಿಂದ. 1971ರಲ್ಲಿ ಭಾರತ ಸರ್ಕಾರವು ಫೂಲ್‌ರೇಣು ಗುಹಾ ಅವರ ಅಧ್ಯಕ್ಷತೆಯಲ್ಲಿ ದೇಶದ ಸ್ತ್ರೀಯರ ಸ್ಥಿತಿಗತಿಗಳ ವಿಚಾರಕ್ಕಾಗಿ ಸಮಿತಿಯೊಂದನ್ನು ನೇಮಿಸಿತು. ವೀಣಾ ಮಜುಂದಾರ್ ಅವರು ಅದರ ಸದಸ್ಯ ಕಾರ್ಯದರ್ಶಿ. ಸಂವಿಧಾನವು ಸಮಾನತೆಯನ್ನು ಕೊಟ್ಟು ಇಪ್ಪತ್ತು ವರ್ಷಗಳಾದುವು, ಏರಿದ ಮೆಟ್ಟಿಲುಗಳನ್ನು ಎಣಿಸಿ ಬರೆದರಾಯಿತು ಎಂದು ನಿರೀಕ್ಷಿಸಿದವರೇ ಹೆಚ್ಚು. 1974ರ ಕೊನೆಗೆ ಸಿದ್ಧವಾದ ವರದಿಯಲ್ಲಿ ಕಂಡುದು ಬೇರೆ. ಸಾವಿರ ಗಂಡಸರಿಗೆ 1901ರಲ್ಲಿ 972 ಮಂದಿ ಹೆಂಗಸರಿದ್ದ ದೇಶದಲ್ಲಿ 1971ರ ವೇಳೆಗೆ 930 ಮಂದಿ ಉಳಿದಿದ್ದರು. ಸ್ತ್ರೀಯರನ್ನು ದೇವಿಯರೆಂದು ಕರೆಯುವ ನಾಡಿನಲ್ಲಿ ಎಪ್ಪತ್ತು ವರ್ಷಗಳ ಈ ಇಳಿತವನ್ನು ಕುರಿತು ವಿಶ್ವವಿದ್ಯಾನಿಲಯಗಳು ಏನನ್ನು ಮಾಡುತ್ತಿದ್ದುವೆಂಬ ಪ್ರಶ್ನೆ ಆಗ ಎದ್ದಿತು. ಕರ್ವೆಯವರು 1916ರಲ್ಲಿ ಸ್ಥಾಪಿಸಿದ, ಮುಂದೆ ಎಸ್.ಎನ್.ಡಿ.ಟಿ. ಎಂದು ಹೆಸರಾದ ಮಹಿಳಾ ವಿಶ್ವವಿದ್ಯಾನಿಲಯದಲ್ಲಿ ನೀರಾ ದೇಸಾಯಿಯವರು 1974ರಲ್ಲಿಯೇ ಸಂಶೋಧನ ಶಾಖೆಯೊಂದನ್ನು ಆರಂಭಿಸಿದ್ದರು. ಮುಂಬಯಿಯ ಆ ವಿಶ್ವವಿದ್ಯಾನಿಲಯದಲ್ಲಿಯೇ 1981ರಲ್ಲಿ ಮೊದಲ ರಾಷ್ಟ್ರೀಯ ಸಮ್ಮೇಳನ ನಡೆಯಿತು. 1986ರ ರಾಷ್ಟ್ರೀಯ ಶಿಕ್ಷಣನೀತಿಯು ಇದಕ್ಕೆ ಸ್ಥಾನ ಕೊಟ್ಟ ಮೇಲೆ ಹಲವು ವಿಶ್ವವಿದ್ಯಾನಿಲಯಗಳಲ್ಲಿ ಕೇಂದ್ರಗಳು ತೆರೆದುವು. ನಮ್ಮ ನಾಡಿನಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಇದಕ್ಕೊಂದು ವಿಭಾಗವಿದೆ. 2003ರಲ್ಲಿ ವಿಜಯಪುರದಲ್ಲಿ ಸ್ಥಾಪಿತವಾಗಿ ಈಗ ಅಕ್ಕಮಹಾದೇವಿಯ ಹೆಸರನ್ನು ಹೊತ್ತಿರುವ ಮಹಿಳಾ ವಿಶ್ವವಿದ್ಯಾಲಯವಂತೂ ಇದೆ.

ಆದರೆ ಇವೆಲ್ಲ ಕಛೇರಿಯ ಸಂಗತಿಗಳು. ಅಲ್ಲಿ ಓದುವುದೇನು ಎಂಬುದೇ ಗೃಹಸ್ಥರಿಗೆ ಬೇಕಾದುದು.

ನಮಗೆ ಅದು ಅರ್ಥವಾದುದು ಬೃಹದಾರಣ್ಯಕದಿಂದ. ಜನಕನ ಸಭೆಯ ಗಾರ್ಗಿಯನ್ನೂ ಅಮೃತತ್ವವನ್ನು ಕೇಳಿದ ಮೈತ್ರೇಯಿಯನ್ನೂ ನಾವು ಪ್ರತಿ ವರ್ಷವೂ ಶಾಲೆಯ ವಾರ್ಷಿಕೋತ್ಸವದಲ್ಲಿ ಕೊಂಡಾಡುತ್ತಿದ್ದೆವು. ಹುಡುಗಿಗೂ ಅದನ್ನೇ ಹೇಳಿ, “ನಮ್ಮ ಪ್ರಾಚೀನರಲ್ಲಿ ಸ್ತ್ರೀಯರ ಸ್ಥಾನ ಹೀಗಿದ್ದಿತಮ್ಮ, ಇದಕ್ಕಿಂತ ಹೆಚ್ಚಿನದನ್ನು ಏನು ಓದುವೆ?” ಎಂದೆವು. ಆಕೆ ವಿನಯದಿಂದಲೇ, “ತಾತ, ಕಾತ್ಯಾಯನಿ ಏನು ಹೇಳಿದಳು?” ಎಂದು ಕೇಳಿದಳು.

ವಾಚಕರು ಕಥೆಯನ್ನು ಬಲ್ಲರು. ಯಾಜ್ಞವಲ್ಕ್ಯನಿಗೆ ಇಬ್ಬರು ಹೆಂಡಿರು. ಮನೆ ಬಿಟ್ಟು ಹೊರಡುವಾಗ ಆತನು ಇಬ್ಬರಿಗೂ ಆಸ್ತಿಯ ಏರ್ಪಾಟನ್ನು ಮಾಡಿಕೊಡುವೆನೆಂದು ಮೈತ್ರೇಯಿಯೊಡನೆ ಹೇಳುವನು. ಆಕೆ ವಿತ್ತವನ್ನು ಬಿಟ್ಟು ಜ್ಞಾನವನ್ನು ಬೇಡುವಳು. ಕಾತ್ಯಾಯನಿ ಆ ಸಂವಾದದಲ್ಲಿ ಒಂದು ಮಾತನ್ನೂ ಆಡುವುದಿಲ್ಲ. ಆಕೆಯನ್ನು ಕುರಿತು ಉಪನಿಷತ್ತು ಬಳಸುವುದು ‘ಸ್ತ್ರೀಪ್ರಜ್ಞಾ’ ಎಂಬ ಒಂದೇ ವಿಶೇಷಣವನ್ನು. ಹೆಂಗಸರಿಗೆ ಉಚಿತವಾದ, ಮನೆಯ ಪ್ರಯೋಜನಗಳನ್ನು ಅರಸುವ ಬುದ್ಧಿಯುಳ್ಳವಳೆಂದು ಶಂಕರರು ಅದಕ್ಕೆ ಅರ್ಥ ಹೇಳುವರು. ಆ ಬುದ್ಧಿ ಎಂಥದು, ಋಷಿಯ ಮನೆಯಲ್ಲಿ ಹಾಲು ಕರೆದವರಾರು, ಶಿಷ್ಯರಿಗೆ ಅನ್ನವಿಕ್ಕಿದವರಾರು, ಜನಕನು ಕೊಟ್ಟ ಸಾವಿರ ಹಸುಗಳಿಗೆ ಹುಲ್ಲು ತಂದವರಾರು ಎಂದು ನಾವು ಒಮ್ಮೆಯೂ ಕೇಳಿಕೊಂಡವರಲ್ಲ. ಅಳ್ತೇಕರರು 1938ರಲ್ಲಿ ಹಿಂದೂ ಸಂಸ್ಕೃತಿಯಲ್ಲಿ ಸ್ತ್ರೀಯರ ಸ್ಥಾನವನ್ನು ಕುರಿತು ಬರೆದ ದೊಡ್ಡ ಗ್ರಂಥವು ನಮ್ಮ ಕಪಾಟಿನಲ್ಲಿದೆ. ವೇದಕಾಲದ ಆರ್ಯಸ್ತ್ರೀಯ ಉನ್ನತಸ್ಥಿತಿ ಅದರಲ್ಲಿ ವಿಸ್ತಾರವಾಗಿ ಬಂದಿದೆ. ಐವತ್ತು ವರ್ಷಗಳ ತರುವಾಯ, 1989ರಲ್ಲಿ, ಉಮಾ ಚಕ್ರವರ್ತಿಯವರು ಅದಕ್ಕೆ ಎದುರಾಗಿ, ಹಾಗಾದರೆ ಅದೇ ವೇದಕಾಲದ ದಾಸಿ ಎಲ್ಲಿ ಹೋದಳು ಎಂದು ಒಂದು ಪ್ರಬಂಧದಲ್ಲಿ ಕೇಳಿದರು. ದಾನಸ್ತುತಿಗಳಲ್ಲಿ ಗೋವು, ಅಶ್ವ, ಸುವರ್ಣಗಳೊಡನೆ ದಾಸಿಯರನ್ನೂ ಎಣಿಸಿ ಕೊಟ್ಟಿರುವುದನ್ನು ನಾವು ಓದಿಯೂ ಕಾಣದೆ ಬಿಟ್ಟಿದ್ದೆವು. ಪುಟ ಅದೇ, ಶಬ್ದ ಅದೇ. ನಮ್ಮ ಕಣ್ಣು ಅದರ ಮೇಲೆ ನಿಂತಿರಲಿಲ್ಲ.

ಇವರ ಕೆಲಸದ ಮುಖ್ಯಭಾಗ ಇದೇ ಎಂದು ನಮಗೆ ಕ್ರಮೇಣ ತೋರಿತು. ಯಾವ ಗ್ರಂಥವಾಗಲಿ, ಶಾಸನವಾಗಲಿ, ಲೆಕ್ಕದ ಪುಸ್ತಕವಾಗಲಿ, ಇದರಲ್ಲಿ ಆಕೆ ಎಲ್ಲಿ, ಇಲ್ಲದಿದ್ದರೆ ಏಕಿಲ್ಲ, ಬಿಟ್ಟವರಾರು ಎಂದು ಕೇಳುವುದು. ನಂಜನಗೂಡಿನಿಂದಲೇ ಎರಡು ಉದಾಹರಣೆಗಳನ್ನು ಕೊಡಬಹುದು. 1878ರಲ್ಲಿ ಅಲ್ಲಿ ಹುಟ್ಟಿ ಮದರಾಸಿನಲ್ಲಿ ಕೀರ್ತಿ ಪಡೆದ ಗಾಯಕಿ ಬೆಂಗಳೂರು ನಾಗರತ್ನಮ್ಮನವರು, ತಂಜಾವೂರಿನ ಆಸ್ಥಾನದ ಮುದ್ದುಪಳನಿಯೆಂಬ ಕವಯಿತ್ರಿಯ ತೆಲುಗು ಕಾವ್ಯ ‘ರಾಧಿಕಾ ಸಾಂತ್ವನಮು’ವನ್ನು ಓದಲು ಹೋಗಿ, ಹಿಂದಿನ ಅಚ್ಚಿನಲ್ಲಿ ಕವಯಿತ್ರಿಯ ಸ್ವಪರಿಚಯವೂ ಕೆಲವು ಪದ್ಯಗಳೂ ಬಿಟ್ಟುಹೋಗಿರುವುದನ್ನು ಕಂಡುಕೊಂಡು, 1910ರಲ್ಲಿ ಸಮಗ್ರವಾಗಿ ಪ್ರಕಟಿಸಿದರು. ಹೆಣ್ಣು ಬರೆದ ಶೃಂಗಾರವು ಅಶ್ಲೀಲವೆಂದು ಪಂಡಿತರು ಕೂಗೆಬ್ಬಿಸಿ ಸರ್ಕಾರವು ಅದನ್ನು ನಿಷೇಧಿಸಿತು. ಸ್ವಾತಂತ್ರ್ಯದ ವೇಳೆಗೆ ಆ ನಿಷೇಧ ತೊಲಗಿತು. ಗಂಡಸರು ಬರೆದ ಅದಕ್ಕಿಂತ ಬಿರುಸಾದ ಶೃಂಗಾರವನ್ನು ನಾವು ಗುರುಮುಖದಿಂದ ಅನ್ವಯಸಹಿತ ಪಾಠ ಹೇಳಿಸಿಕೊಂಡಿದ್ದೇವೆ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳದಿದ್ದರೆ ಅನ್ಯಾಯವಾದೀತು. ಅದೇ ಊರಿನಲ್ಲಿ 1887ರಲ್ಲಿ ಹುಟ್ಟಿ ಎಳೆವಯಸ್ಸಿನಲ್ಲಿಯೇ ವಿಧವೆಯಾದ ತಿರುಮಲಾಂಬಾ ಅವರು ‘ಸತೀಹಿತೈಷಿಣಿ’ ಗ್ರಂಥಮಾಲೆಯನ್ನು ನಡೆಸಿದರು, ‘ಕರ್ನಾಟಕ ನಂದಿನಿ’ಯೆಂಬ ಮಾಸಪತ್ರಿಕೆಯನ್ನು ಹೊರತಂದರು, ‘ಸುಶೀಲೆ’ ಮೊದಲಾದ ಕಾದಂಬರಿಗಳನ್ನು ಬರೆದರು. 1982ರವರೆಗೂ ಜೀವಿಸಿದ್ದ ಆಕೆಯನ್ನು ಕನ್ನಡದ ಸಾಹಿತ್ಯಚರಿತ್ರೆಗಳು ಬಹುಕಾಲ ಮರೆತುಬಿಟ್ಟಿದ್ದುವು. ಚಿ. ನ. ಮಂಗಳಾ, ವಿಜಯಾ ದಬ್ಬೆ ಮುಂತಾದವರು ಹುಡುಕಿ ಬರೆದ ಮೇಲೆ ಆ ಹೆಸರು ಪುನಃ ಓಡಾಡಿತು.

ಗ್ರಂಥದ ಮಾತು ಇರಲಿ, ಲೆಕ್ಕದ ಪುಸ್ತಕಕ್ಕೆ ಬರೋಣ. ಈ ವಿಷಯದಲ್ಲಿ ನಾವೂ ಕೈ ಮಸಿ ಮಾಡಿಕೊಂಡವರೇ. ಜನಗಣತಿಯೆಂದರೆ ಉಪಾಧ್ಯಾಯರಿಗೆ ತಪ್ಪಿದ್ದಲ್ಲ. 1991ರ ಗಣತಿಯಲ್ಲಿ ಮೊದಲ ಸಲ ನಾವು ಪಟ್ಟಿ ಹಿಡಿದು ಮನೆಮನೆಗೆ ಹೋದೆವು. ಸಂಬಳವಿಲ್ಲದೆ ಹೊಲದಲ್ಲಿಯೂ ಮನೆಯ ಕಸುಬಿನಲ್ಲಿಯೂ ದುಡಿಯುವುದನ್ನು ಕೆಲಸವೆಂದೇ ಎಣಿಸಬೇಕೆಂದು ಆ ಸಲದ ಪ್ರಶ್ನೆಯಲ್ಲಿಯೇ ಸ್ಪಷ್ಟವಾಗಿ ಸೇರಿಸಿದ್ದರು. ಒಂದು ಮನೆಯ ಜಗಲಿಯ ಮೇಲೆ ಕುಳಿತು ಯಜಮಾನನನ್ನು, “ನಿಮ್ಮ ಹೆಂಡತಿ ಏನು ಕೆಲಸ ಮಾಡುತ್ತಾರೆ?” ಎಂದು ಕೇಳಿದೆವು. “ಅವಳೇನು ಕೆಲಸ ಮಾಡುತ್ತಾಳೆ ಸಾಮಿ, ಮನೇಲೇ ಇರ್ತಾಳೆ” ಎಂದನು. ಅದೇ ಸಮಯಕ್ಕೆ ಆ ಹೆಂಗಸು ತಲೆಯ ಮೇಲೆ ಹಸಿಹುಲ್ಲಿನ ಹೊರೆ ಹೊತ್ತು ನಮ್ಮ ಪಕ್ಕದಲ್ಲಿಯೇ ಬಾಗಿ ಒಳಕ್ಕೆ ಹೋದಳು. ನಾವು ಕಾಲನ್ನು ಹಿಂದಕ್ಕೆಳೆದುಕೊಂಡು ದಾರಿ ಬಿಟ್ಟೆವು, ಯಜಮಾನನು ಹೇಳಿದುದನ್ನು ಬರೆದುಕೊಂಡೆವು.

ಹೀಗೆ ಬರೆದವರು ನಾವೊಬ್ಬರೇ ಅಲ್ಲವೆಂಬುದು ಈಗ ತಿಳಿಯಿತು. ಮೈಸೂರಿನಲ್ಲಿ ಹುಟ್ಟಿದ ಅರ್ಥಶಾಸ್ತ್ರಜ್ಞೆ ದೇವಕಿ ಜೈನ್ ಅವರು 1970ರ ದಶಕದಲ್ಲಿಯೇ ರಾಜಸ್ಥಾನ ಮತ್ತು ಪಶ್ಚಿಮ ಬಂಗಾಳದ ಹಳ್ಳಿಗಳಲ್ಲಿ ಜನರ ದಿನಚರಿಯನ್ನು ಹೊತ್ತುಹೊತ್ತಿಗೆ ಬರೆಸಿ, ಕೆಲಸವಿಲ್ಲದವರೆಂದು ದಾಖಲಾದ ಹೆಂಗಸರು ಎಷ್ಟು ದುಡಿಯುವರೆಂಬುದನ್ನು ತೋರಿಸಿದ್ದರು. 2019ರಲ್ಲಿ ಭಾರತ ಸರ್ಕಾರವೇ ದೇಶಾದ್ಯಂತ ಇಂಥ ಸಮೀಕ್ಷೆಯನ್ನು ನಡೆಸಿತು. ಮನೆಗೆಲಸದಲ್ಲಿ ಕೈಯಿಡುವ ಹೆಂಗಸರು ನೂರಕ್ಕೆ 81.2, ಅವರು ಅದಕ್ಕೆ ದಿನಕ್ಕೆ ಕೊಡುವ ಕಾಲ 299 ನಿಮಿಷ. ಕೈಯಿಡುವ ಗಂಡಸರು ನೂರಕ್ಕೆ 26.1, ಅವರು ಕೊಡುವುದು 97 ನಿಮಿಷ. ನಾವು ಈ ಅಂಕಿಗಳನ್ನು ಮನೆಯಲ್ಲಿ ಗಟ್ಟಿಯಾಗಿ ಓದಿದಾಗ ನಮ್ಮ ಮನೆಯವರು ಅಡಿಗೆಮನೆಯಿಂದಲೇ, “ಆ 97 ನಿಮಿಷ ಮಾಡುವವರು ಯಾವ ಊರಿನವರು?” ಎಂದು ಕೇಳಿದರು. ಅದಕ್ಕೆ ನಾವು ಉತ್ತರ ಕೊಡಲಿಲ್ಲ.

ಉದ್ಯೋಗದ ಪ್ರಶ್ನೆ ಉಳಿಯಿತು. ಮಿತ್ರರಿಗೆ ನಾವು ಸುಳ್ಳು ಹೇಳಲಿಲ್ಲ. ಉಪನ್ಯಾಸಕ ಪದವಿಗೆ ಬೇಕಾದ ರಾಷ್ಟ್ರಮಟ್ಟದ ನೆಟ್ ಪರೀಕ್ಷೆಯಲ್ಲಿ ಈ ವಿಷಯಕ್ಕೆ ಸ್ಥಾನವಿದೆ, ಸಂಶೋಧನ ಸಂಸ್ಥೆಗಳಲ್ಲಿಯೂ ಸೇವಾಸಂಸ್ಥೆಗಳಲ್ಲಿಯೂ ಕೆಲಸ ಸಿಕ್ಕಬಹುದು. ಆದರೆ ಹುದ್ದೆಗಳು ಕಡಿಮೆ, 2017ರಲ್ಲಿ ಪಂಚವಾರ್ಷಿಕ ಯೋಜನೆಯ ಕಾಲ ಮುಗಿದ ಮೇಲೆ ಕೇಂದ್ರಗಳಿಗೆ ಹಣದ ಚಿಂತೆಯೂ ತಗುಲಿತು ಎಂದು ಇದ್ದುದನ್ನು ಇದ್ದಂತೆ ತಿಳಿಸಿದೆವು. ಸಂಸ್ಕೃತ ಎಂ.ಎ. ಮಾಡುವೆವೆಂದಾಗ ನಮ್ಮ ತಂದೆಗೂ ನೆರೆಯವರು ಹೀಗೆಯೇ ಹೆದರಿಸಿದ್ದರೆಂಬುದನ್ನೂ ಜೊತೆಗೆ ಹೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಆಗಲಿ ಮೇಷ್ಟ್ರೇ, ನಿಮ್ಮ ಮಾತಿನ ಮೇಲೆ ಕಳುಹಿಸುತ್ತೇನೆ” ಎಂದರು. ಹುಡುಗಿ ಹೋದಳು.

ಇಲ್ಲಿಗೆ ಈ ಲೇಖನ ಮುಗಿಯಬಹುದಾಗಿದ್ದಿತು. ಈ ವರ್ಷದ ಸಂಕ್ರಾಂತಿಯ ರಜೆಯಲ್ಲಿ ಆಕೆ ಪುನಃ ಬಂದಳು. ಎರಡನೆಯ ವರ್ಷದ ಪ್ರಬಂಧಕ್ಕೆ ಸ್ತ್ರೀಧನವನ್ನು ಆರಿಸಿಕೊಂಡಿದ್ದಳು. ಮಿತಾಕ್ಷರೆಯನ್ನು ಮೂಲದಲ್ಲಿ ಓದಿಸಬೇಕೆಂಬುದು ಅವಳ ಬೇಡಿಕೆ. ನಮಗೆ ಇದಕ್ಕಿಂತ ಸಂತೋಷದ ಕೆಲಸವುಂಟೆ?

ಮಿತಾಕ್ಷರೆ ನಮ್ಮ ನೆಲದ ಗ್ರಂಥ. ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣವೇ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ರಾಜಧಾನಿಯಾದ ಕಲ್ಯಾಣ. ಅಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಈ ವ್ಯಾಖ್ಯಾನವನ್ನು ಬರೆದನು. ಬಂಗಾಳವೇ ಮೊದಲಾದ ಕೆಲವು ಕಡೆಗಳನ್ನು ಬಿಟ್ಟರೆ ಭರತಖಂಡದ ಬಹುಭಾಗದಲ್ಲಿ ಹಿಂದೂಗಳ ಆಸ್ತಿಯ ಕಾನೂನು ಇದರ ಮೇಲೆ ನಿಂತಿತು. ಸ್ತ್ರೀಧನವೆಂದರೆ ಯಾವುದೆಂದು ಸ್ಮೃತಿಕಾರನು ಎಣಿಸುತ್ತಾನೆ: ತಂದೆ, ತಾಯಿ, ಗಂಡ, ಸೋದರರು ಕೊಟ್ಟದ್ದು, ವಿವಾಹದ ಅಗ್ನಿಯ ಮುಂದೆ ಬಂದದ್ದು, ಗಂಡನು ಇನ್ನೊಬ್ಬಳನ್ನು ಮದುವೆಯಾಗುವಾಗ ಮೊದಲನೆಯವಳಿಗೆ ಕೊಡುವ ಆಧಿವೇದನಿಕ. ಅದರ ಕೊನೆಗೆ ‘ಆದ್ಯ’ ಎಂಬ ಎರಡಕ್ಷರದ ಶಬ್ದವಿದೆ. ಮೊದಲಾದದ್ದು ಎಂದು ಅರ್ಥ. ಬೇರೆ ಕೆಲವರ ಪಾಠದಲ್ಲಿ ಆ ಶಬ್ದವೇ ಇಲ್ಲ, ಅಲ್ಲಿ ‘ಚೈವ’ ಎಂದಿದೆ. ವಿಜ್ಞಾನೇಶ್ವರನು ಆ ‘ಆದ್ಯ’ವನ್ನು ಹಿಡಿದುಕೊಂಡು, ದಾಯವಾಗಿ ಬಂದದ್ದು, ಕೊಂಡದ್ದು, ವಿಭಾಗದಲ್ಲಿ ಸಿಕ್ಕಿದ್ದು, ಸ್ವಾಧೀನದಿಂದ ಬಂದದ್ದು, ದೊರಕಿದ್ದು ಎಲ್ಲವೂ ಅದರಲ್ಲಿ ಸೇರುವುದೆನ್ನುತ್ತಾನೆ. ಸ್ತ್ರೀಧನವೆಂಬುದು ಪಾರಿಭಾಷಿಕ ಶಬ್ದವಲ್ಲ, ಯೌಗಿಕ. ಸ್ತ್ರೀಯ ಧನವೆಲ್ಲವೂ ಸ್ತ್ರೀಧನವೇ ಎಂದು ತೀರ್ಮಾನಿಸುತ್ತಾನೆ. ಆಂಗ್ಲರ ಕಾಲದಲ್ಲಿ, ಹತ್ತೊಂಬತ್ತನೆಯ ಶತಮಾನದಲ್ಲಿ, ಲಂಡನ್ನಿನ ಪ್ರಿವಿ ಕೌನ್ಸಿಲು ಆ ಅರ್ಥವನ್ನು ಒಪ್ಪದೆ, ಗಂಡನಿಂದ ದಾಯವಾಗಿ ಬಂದ ಆಸ್ತಿ ವಿಧವೆಯ ಸ್ತ್ರೀಧನವಲ್ಲ, ಆಕೆಗೆ ಇರುವುದು ಬದುಕಿರುವ ತನಕ ಅನುಭವಿಸುವ ಸೀಮಿತವಾದ ಹಕ್ಕು ಎಂದು ತೀರ್ಪು ಕೊಟ್ಟಿತು. ಕಲ್ಯಾಣದ ಪಂಡಿತನು ಒಂದು ಶಬ್ದದಿಂದ ತೆರೆದ ಬಾಗಿಲು ಹೀಗೆ ಬಹುಮಟ್ಟಿಗೆ ಮುಚ್ಚಿತು. ಮೈಸೂರು ಸಂಸ್ಥಾನವು 1933ರ ಕಾನೂನಿನಿಂದ ವಿಭಾಗದಲ್ಲಿ ತಾಯಿಗೂ ವಿಧವೆಗೂ ಮದುವೆಯಾಗದ ಹೆಣ್ಣುಮಕ್ಕಳಿಗೂ ಸ್ವಲ್ಪ ಪಾಲು ಕೊಟ್ಟಿತು. 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮವು ಸೀಮಿತಹಕ್ಕನ್ನು ಪೂರ್ಣಹಕ್ಕನ್ನಾಗಿ ಮಾಡಿತು.

ಇದನ್ನೆಲ್ಲ ನಾವು ಮೂರು ದಿನ ಉತ್ಸಾಹದಿಂದ ಪಾಠ ಹೇಳಿದೆವು. ಮೂರನೆಯ ದಿನ ಏಳುವಾಗ ಹುಡುಗಿ, “ತಾತ, ಹೆಣ್ಣುಮಕ್ಕಳು ಬರೆದುಕೊಟ್ಟ ಹಕ್ಕು ಬಿಡುಗಡೆ ಪತ್ರಗಳ ನಕಲುಗಳನ್ನು ಕೂಡಿಸುತ್ತಿದ್ದೇನೆ. ಹೆಸರುಗಳನ್ನು ಹೊಡೆದುಹಾಕುತ್ತೇನೆ. ನಿಮ್ಮ ಮನೆಯಲ್ಲಿ ಏನಾದರೂ ಇದೆಯೆ?” ಎಂದು ಕೇಳಿದಳು.

ಇದ್ದಿತು. ರಾತ್ರಿ ಪೆಟ್ಟಿಗೆಯಿಂದ ತೆಗೆದು ನೋಡಿದೆವು. ನಮ್ಮ ತಂದೆ 1997ರಲ್ಲಿ ತೀರಿಕೊಂಡರು. ತಾಯಿ ಅದಕ್ಕೆ ಮೊದಲೇ ಹೋಗಿದ್ದರು. ಪಿತ್ರಾರ್ಜಿತ ಗದ್ದೆ ಮೂರು ಎಕರೆ. 1999ರಲ್ಲಿ ನಮ್ಮ ಅಣ್ಣನೂ ನಾವೂ ಅದನ್ನು ಎರಡು ಪಾಲು ಮಾಡಿ ನೋಂದಣಿ ಮಾಡಿಸಿದೆವು. ಅದೇ ದಿನ ನಮ್ಮ ತಂಗಿಯಿಂದ ಬಿಡುಗಡೆ ಪತ್ರಕ್ಕೆ ರುಜು ಹಾಕಿಸಿದೆವು. ಅರಿಶಿನ, ಕುಂಕುಮ, ಒಂದು ರೇಷ್ಮೆಯ ಸೀರೆ, ಐದು ಸಾವಿರ ರೂಪಾಯಿ ಕೊಟ್ಟೆವು. ಪತ್ರ ಬರಹಗಾರನು ಕರಡಿನಲ್ಲಿ ‘ಸ್ವಸಂತೋಶದಿಂದ’ ಎಂದು ಬರೆದಿದ್ದನು. ಶಕಾರವನ್ನು ಹೊಡೆದು ಷಕಾರ ಮಾಡಿದ ಕೆಂಪು ಗೀಟು ನಮ್ಮದೇ. ಆ ಕರಡನ್ನೂ ಪತ್ರದ ಜೊತೆಗೇ ಇಟ್ಟಿದ್ದೆವು.

ಮರುದಿನ ಹುಡುಗಿ ಲೆಕ್ಕ ಹಾಕಿ ತೋರಿಸಿದಳು. 1994ರ ಜುಲೈ 30ರಿಂದ ಕರ್ನಾಟಕದ ತಿದ್ದುಪಡಿಯು ಹೆಣ್ಣುಮಕ್ಕಳನ್ನೂ ಹುಟ್ಟಿನಿಂದಲೇ ಪಿತ್ರಾರ್ಜಿತದಲ್ಲಿ ಭಾಗಸ್ಥರನ್ನಾಗಿ ಮಾಡಿತ್ತು. ಆದರೆ ಅದಕ್ಕೆ ಮೊದಲೇ ಮದುವೆಯಾದವರಿಗೆ ಅದು ಅನ್ವಯಿಸದು. ನಮ್ಮ ತಂಗಿಯ ಮದುವೆ 1988ರಲ್ಲಿ ಆಗಿದ್ದಿತು. ಆಗದೆ ಇದ್ದಿದ್ದರೆ ಮೂರರಲ್ಲೊಂದು ಪಾಲು, ಒಂದು ಎಕರೆ, ಬರಬೇಕಾಗಿದ್ದಿತು. ಆಗಿದ್ದುದರಿಂದ, ಗದ್ದೆಯಲ್ಲಿ ತಂದೆಯ ಪಾಲೆಂದು ಎಣಿಸಿದ ಮೂರರಲ್ಲೊಂದು ಭಾಗದಲ್ಲಿ ಮಾತ್ರ ಮೂವರು ಮಕ್ಕಳಿಗೂ ಸಮಪಾಲು. ಅದು ಹದಿಮೂರು ಗುಂಟೆಗೆ ಸ್ವಲ್ಪ ಮೇಲೆ. ಆ ಹದಿಮೂರು ಗುಂಟೆ ಒಂದು ರುಜುವಿನಿಂದ ಸೊನ್ನೆಯಾಯಿತು. 2005ರಲ್ಲಿ ಕೇಂದ್ರದ ತಿದ್ದುಪಡಿಯು ಮದುವೆಯ ಭೇದವನ್ನು ತೆಗೆದುಹಾಕಿತು. ತಿದ್ದುಪಡಿಗೆ ಮೊದಲೇ ತಂದೆ ತೀರಿಹೋಗಿದ್ದರೂ ಮಗಳ ಹಕ್ಕು ನಿಲ್ಲುವುದೆಂದು 2020ರಲ್ಲಿ ಸರ್ವೋಚ್ಚ ನ್ಯಾಯಾಲಯವು ಹೇಳಿತು. ಆದರೆ 2004ರ ಡಿಸೆಂಬರ್ 20ಕ್ಕೆ ಮುಂಚೆ ನೋಂದಣಿಯಾದ ವಿಭಾಗಗಳನ್ನು ಯಾರೂ ಕೆದಕುವಂತಿಲ್ಲ. ನಮ್ಮ ಪತ್ರಗಳು ಭದ್ರವಾಗಿವೆ.

ಹುಡುಗಿ ನಮ್ಮನ್ನು ದೂಷಿಸಲಿಲ್ಲ. “ಇಂಥವು ನಲವತ್ತು ಸಿಕ್ಕಿವೆ ತಾತ, ಎಲ್ಲದರಲ್ಲಿಯೂ ಸ್ವಸಂತೋಷವೇ” ಎಂದಳು. ಆಮೇಲೆ, ನಮ್ಮ ಗದ್ದೆಯಲ್ಲಿ ನಾಟಿ ಮಾಡುವ ಹೆಂಗಸರ ಮನೆಗಳಿಗೂ ಹೋಗಿದ್ದಾಗಿಯೂ, ಬಿಟ್ಟುಕೊಡುವುದಕ್ಕೆ ಭೂಮಿಯೇ ಇಲ್ಲದ ಅವರಲ್ಲಿ ಇಂಥ ಪತ್ರವೂ ಇಲ್ಲವೆಂದೂ ಹೇಳಿದಳು. ಪುಣೆಯಲ್ಲಿ ಪಾಠ ಹೇಳುತ್ತಿದ್ದು 2013ರಲ್ಲಿ ತೀರಿಕೊಂಡ ಶರ್ಮಿಳಾ ರೇಗೆಯವರು ದಲಿತ ಸ್ತ್ರೀಯರ ನೆಲೆಯಿಂದ ಇದನ್ನೆಲ್ಲ ಬೇರೆಯಾಗಿಯೇ ನೋಡಬೇಕೆಂದು ವಾದಿಸಿದ್ದರಂತೆ. ಅದೊಂದು ಅಧ್ಯಾಯವನ್ನು ತನ್ನ ಪ್ರಬಂಧದಲ್ಲಿ ಪ್ರತ್ಯೇಕವಾಗಿ ಬರೆಯುವಳು.

ಕಳೆದ ತಿಂಗಳು ನಾವು ತಂಗಿಯ ಊರಿಗೆ ಹೋದೆವು. ಊಟವಾದ ಮೇಲೆ ಪತ್ರದ ಮಾತು ತೆಗೆದೆವು. ಆಕೆ ಎಲೆಗೆ ಸುಣ್ಣ ಹಚ್ಚುತ್ತ, “ಅದನ್ನೆಲ್ಲ ಈಗ ಏಕೆ ಎತ್ತುತ್ತೀಯಣ್ಣ?” ಎಂದಳು. “ಅಂದು ನಿನಗೆ ಸಂತೋಷವಾಗಿತ್ತೆ?” ಎಂದು ಕೇಳಿದೆವು. ಸ್ವಲ್ಪ ಹೊತ್ತು ಬಿಟ್ಟು, “ಆಗ ನಮ್ಮ ಮನೆಯವರಿಗೆ ಸೊಸೈಟಿಯ ಸಾಲವಿತ್ತು. ಐದು ಸಾವಿರವನ್ನು ಹತ್ತು ಮಾಡಿ ಅನ್ನೋಣವೆಂದು ಬಂದಿದ್ದೆ. ಕಛೇರಿ ಬಾಗಿಲು ಹಾಕುತ್ತಾರೆ, ಬೇಗ ರುಜು ಮಾಡು ಅಂತ ನೀನೇ ಅವಸರ ಮಾಡಿದೆ. ಸೀರೆ ಚೆನ್ನಾಗಿತ್ತು” ಎಂದಳು.

ನಮ್ಮ ಪಾಲಿನ ಒಂದೂವರೆ ಎಕರೆಯಲ್ಲಿ ಇಪ್ಪತ್ತು ಗುಂಟೆಯನ್ನು ಆಕೆಯ ಹೆಸರಿಗೆ ದಾನಪತ್ರ ಮಾಡಿಕೊಡಬೇಕೆಂದು ಯೋಚಿಸಿದ್ದೇವೆ. ಮೂರು ಎಕರೆಯಲ್ಲಿ ಆಕೆಗೆ ಬರಬೇಕಾಗಿದ್ದ ಒಂದು ಎಕರೆಯಲ್ಲಿ ನಮ್ಮ ಪಾಲಿಗೆ ಬರುವುದು ಅಷ್ಟು. ಮಗನು ಇನ್ನೂ ಉತ್ತರ ಹೇಳಿಲ್ಲ. ಅಣ್ಣನು, ಇಪ್ಪತ್ತೈದು ವರ್ಷಗಳ ಮೇಲೆ ನಿನಗೇಕೆ ಈ ಬುದ್ಧಿ ಬಂದಿತೆಂದು ಕೇಳಿ ಫೋನು ಇಟ್ಟುಬಿಟ್ಟನು. ನಮ್ಮ ಮನೆಯವರು, “ಕೊಡಿ, ಆದರೆ ಉಳಿದದ್ದರಲ್ಲಿ ನಮ್ಮ ಮಗಳ ಹೆಸರನ್ನೂ ಈಗಲೇ ಬರೆಸಿ, ಆಮೇಲೆ ಅವಳಿಗೂ ಸೀರೆ ತರಬೇಡಿ” ಎಂದಿದ್ದಾರೆ. ಈ ಸಲ ಪತ್ರದ ಕರಡನ್ನು ತಂಗಿಯೇ ಮೊದಲು ಓದಲೆಂದು ಆಕೆಯ ಊರಿಗೆ ಅಂಚೆಯಲ್ಲಿ ಕಳುಹಿಸಿದ್ದೇವೆ. ಇನ್ನೂ ವಾಪಸು ಬಂದಿಲ್ಲ.